ಮಂಗಳವಾರ ಬರುವವರು

ಪರಶುರಾಮ್ ಎಕ್ಸ್‌ಪ್ರೆಸ್ ಮಂಗಳೂರು ಸೆಂಟ್ರಲ್ ಬಿಡುವುದು ನಸುಕಿಗೆ. ಜನವರಿಯ ಕತ್ತಲಲ್ಲಿ ನೇತ್ರಾವತಿಯ ಸೇತುವೆ, ಮಂಜೇಶ್ವರ, ಕುಂಬಳೆ ಎಲ್ಲ ಬರೀ ಸದ್ದಿನಲ್ಲೇ ದಾಟಿಹೋಗುತ್ತವೆ. ಕಾಞಂಗಾಡಿನ ಆಚೆ ಬೆಳಕು ಹರಿಯುವಾಗ ಹಳಿಯ ಎರಡೂ ಬದಿಗೆ ಮೊದಲು ಕಣ್ಣಿಗೆ ಬೀಳುವುದು ಮನೆಗಳು. ಎರಡು ಮಾಳಿಗೆ, ಕಾಂಕ್ರೀಟಿನ ಮೇಲೆ ಹೆಂಚು ಹೊದಿಸಿದ ಮಾಡು, ದೊಡ್ಡ ಗೇಟು, ಅಂಗಳದ ತುಂಬ ಇಂಟರ್‌ಲಾಕ್. ಕಿಟಕಿಗಳು ಹೆಚ್ಚಿನವು ಮುಚ್ಚಿರುತ್ತವೆ. ಅಡುಗೆಮನೆಯ ಕಡೆ ಮಾತ್ರ ಒಂದು ದೀಪ.

"ಒಳಗೆ ಇಬ್ಬರು ಇರ್ತಾರೆ, ಇಲ್ಲದಿದ್ದರೆ ಒಬ್ಬರು," ಅಂದರು ಕಾಸರಗೋಡಿನಲ್ಲಿ ರೈಲು ಹತ್ತಿದ ಮಾಷ್ಟ್ರು. "ಮಗ ದುಬೈ, ಮಗಳು ದೋಹಾ. ಕಟ್ಟಿಸಿದ್ದು ಅವರು, ಗುಡಿಸುವುದು ಇವರು." ಹೇಳುತ್ತಲೇ ಬಾಳೆಲೆಯ ಪೊಟ್ಟಣ ಬಿಚ್ಚಿ ಕೊಟ್ಟಿಗೆಯನ್ನೂ ತೆಂಗಿನಕಾಯಿ ಚಟ್ನಿಯನ್ನೂ ನನ್ನ ಕಡೆ ಸರಿಸಿದರು.

ಮಾಷ್ಟ್ರು ಗಡಿನಾಡಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕನ್ನಡ, ತುಳು, ಮಲಯಾಳ ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲರು. ಈಗ ಅವರ ಪಂಚಾಯತಿನ ಪಾಲಿಯೇಟಿವ್ ತಂಡದ ಸ್ವಯಂಸೇವಕ. ಕಾಸರಗೋಡಿನಿಂದ ತಿರುವನಂತಪುರದ ತನಕ ಪಾಲಿಯೇಟಿವ್ ಅಂದರೆ ಸಾಕು, ಆಟೋದವನಿಗೂ ಗೊತ್ತು, ಮೀನಿನಂಗಡಿಯವನಿಗೂ ಗೊತ್ತು: ಹಾಸಿಗೆ ಹಿಡಿದವರ ಮನೆಗೆ ನರ್ಸಮ್ಮನ ಜೊತೆ ಊರಿನವರು ಹೋಗಿ ನೋಡಿಕೊಳ್ಳುವ ಏರ್ಪಾಡು ಅದು. ಪ್ರಯಾಣಕ್ಕೆ ನಾನು ಮೊದಲು ಗೊತ್ತುಮಾಡಿದ್ದು ಮಂಗಳವಾರವನ್ನು. "ಮಂಗಳವಾರ ನನಗೆ ಮನೆಭೇಟಿ ಉಂಟು ಮಾರಾಯ್ರೆ. ಮನೆಯಲ್ಲಿ ಮದುವೆ ಇದ್ದರೂ ಬಿಡುವ ಕ್ರಮ ಇಲ್ಲ. ಬುಧವಾರ ಹೊರಡುವ," ಎಂದು ಅವರು ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಇಷ್ಟು ದೂರ ಬರಲು ನನಗೊಂದು ಕಾರಣವಿತ್ತು. ನಮ್ಮ ಬೀದಿಯಲ್ಲಿ ಒಂಟಿಯಾಗಿದ್ದ ದೊಡ್ಡಮ್ಮ ಒಬ್ಬರು ಬಚ್ಚಲಲ್ಲಿ ಜಾರಿಬಿದ್ದರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮಗ ಬಂದು ಬೆಂಗಳೂರಿನ ಫ್ಲ್ಯಾಟಿಗೆ ಕರೆದುಕೊಂಡು ಹೋದ, ಮನೆಗೆ ಬೀಗ ಬಿತ್ತು. ಮಗನನ್ನು ದೂರುವ ಹಾಗಿಲ್ಲ, ಅವನಾದರೂ ಏನು ಮಾಡಿಯಾನು. ನಮ್ಮ ಬೀದಿಯಲ್ಲಿ ಒಳ್ಳೆಯವರಿಗೆ ಬರವೂ ಇರಲಿಲ್ಲ. ಸಾರು ಕಳಿಸುವವರಿದ್ದರು, ಡಾಕ್ಟರ ಹತ್ತಿರ ಕಾರಲ್ಲಿ ಕರೆದುಕೊಂಡು ಹೋಗುವವರಿದ್ದರು. ಒಂದೇ ದಿನ ಮೂರು ಮನೆಯಿಂದ ಸಾರು ಬಂದು, ಮುಂದಿನ ನಾಲ್ಕು ದಿನ ಯಾರೂ ಇಣುಕದೇ ಇದ್ದದ್ದೂ ಉಂಟು. ಆಚೆಯ ರಾಜ್ಯದಲ್ಲಿ ಇದನ್ನು ಬೇರೆ ರೀತಿಯಲ್ಲಿ ನಿಭಾಯಿಸುತ್ತಾರೆ ಎಂದು ಕೇಳಿದ್ದೆ. ನೋಡಬೇಕೆನಿಸಿತು.

ನಾವು ಇಳಿದ ಕೋಝಿಕ್ಕೋಡಿನ ಬಗ್ಗೆ ಬರೆಯುವವರು ಮಿಠಾಯಿ ತೆರುವಿನ ಹಲ್ವದಿಂದ ಶುರುಮಾಡುವುದು ವಾಡಿಕೆ. ಹಲ್ವ ಚೆನ್ನಾಗಿಯೇ ಇತ್ತು. ನಾವು ಹೋದದ್ದು ಮಾತ್ರ ಊರಿನಿಂದಾಚೆ ವೈದ್ಯಕೀಯ ಕಾಲೇಜಿನ ಕಡೆಗೆ. ಇಲ್ಲಿನ ಅರಿವಳಿಕೆ ವಿಭಾಗದ ವೈದ್ಯರಾಗಿದ್ದ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು 1993ರಲ್ಲಿ ಪೇಯ್ನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿಯನ್ನು ಕಟ್ಟಿದರು. ಕ್ಯಾನ್ಸರಿನ ಕೊನೆಯ ಹಂತದಲ್ಲಿ ನೋವಿನಿಂದ ನರಳುವವರಿಗೆ ಮಾರ್ಫಿನ್ ಸಿಗುವಂತೆ ಮಾಡುವುದು ಆಗಿನ ಮುಖ್ಯ ಕೆಲಸ. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿಯಿಂದಾಗಿ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳೇ ಹಿಂಜರಿಯುತ್ತಿದ್ದ ಕಾಲ ಅದು. ಆ ಕಾಯ್ದೆ ಸಡಿಲವಾದದ್ದು 2014ರಲ್ಲಿ. ರಾಜಗೋಪಾಲರು ಮುಂದೆ ತಿರುವನಂತಪುರದಲ್ಲಿ ಪಾಲಿಯಂ ಇಂಡಿಯಾ ಸಂಸ್ಥೆಯನ್ನು ಕಟ್ಟಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಕೋಝಿಕ್ಕೋಡಿನಲ್ಲಿ 2003ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಾಲಿಯೇಟಿವ್ ಮೆಡಿಸಿನ್ ತಲೆಯೆತ್ತಿತು. ಈ ಕೆಲಸದಲ್ಲಿ ಊರಿನವರನ್ನು ತೊಡಗಿಸುವುದು ಹೇಗೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಅದನ್ನೇ ತನ್ನ ಸಹಯೋಗ ಕೇಂದ್ರವಾಗಿ ಆರಿಸಿಕೊಂಡಿತು.

ಇದಿಷ್ಟು ಚರಿತ್ರೆ. ನನಗೆ ಹೆಚ್ಚು ರುಚಿಸಿದ್ದು ಇದರ ನಡುವೆ ಆದ ಒಂದು ತಿರುವು. ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಾಗ ಆರೈಕೆಗೊಂದು ಕಟ್ಟಡವಿತ್ತು, ಹಾಸಿಗೆಗಳಿದ್ದವು, ರೋಗಿಗಳು ಅಲ್ಲಿಗೆ ಬಂದರು. ಮಲಬಾರಿನಲ್ಲಿ ಅದು ನಡೆಯುವಂತಿರಲಿಲ್ಲ. ವಯನಾಡಿನ ಘಟ್ಟ ಇಳಿದು ಬಸ್ಸು ಬದಲಿಸಿ ಬರುವಷ್ಟು ತ್ರಾಣ ರೋಗಿಗಿಲ್ಲ, ಜೊತೆಗೆ ಬಂದವರಿಗೆ ಆ ದಿನದ ಕೂಲಿ ಇಲ್ಲ. ಹಾಗಾಗಿ ತಂಡವೇ ಮನೆಗೆ ಹೋಗತೊಡಗಿತು. ದಾರಿ ತೋರಿಸಲು ಊರಿನವರು ಬೇಕಾದರು. ದಾರಿ ತೋರಿಸಲು ಬಂದವರು ಒಳಗೂ ಬಂದರು, ಗಾಯಕ್ಕೆ ಬಟ್ಟೆ ಕಟ್ಟುವುದನ್ನು ನೋಡಿದರು, ನಾವೂ ಕಲಿಯಬಹುದಲ್ಲ ಅಂದರು. ಒಂದು ಮನೆಯಿಂದ ಹೊರಬರುವಾಗ ಬೇಲಿಯಾಚೆಯಿಂದ ಇನ್ನೊಬ್ಬರು ಕರೆದರು: ಇಲ್ಲೊಬ್ಬರು ಮಲಗಿದ್ದಾರೆ, ಕ್ಯಾನ್ಸರ್ ಅಲ್ಲ, ಪಾರ್ಶ್ವವಾಯು, ಬಂದು ನೋಡಬಾರದೇ? ಅದರ ಪಕ್ಕದ ಮನೆಯಲ್ಲಿ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದವನು. ಅದರಾಚೆಗೆ ಯಾವ ರೋಗವೆಂದೂ ಹೇಳಲಾಗದ, ಬರೀ ವಯಸ್ಸಾದ ಅಮ್ಮಮ್ಮ. ವೈದ್ಯರು ಕ್ಯಾನ್ಸರಿಗೆಂದು ಶುರುಮಾಡಿದ್ದನ್ನು ಊರು ಹೀಗೆ ವೃದ್ಧಾಪ್ಯದ ಕಡೆಗೆ ಎಳೆದುಕೊಂಡಿತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಅದಕ್ಕೆ ನೆರೆಹೊರೆಯ ಜಾಲವೆಂಬ ರೂಪವೂ ಬಂತು, ಮಲಪ್ಪುರಂ ಜಿಲ್ಲೆಯ ಹಳ್ಳಿಗಳಲ್ಲಿ ಬಲವಾಗಿ ಬೇರೂರಿತು.

ಸ್ವಯಂಸೇವಕ ಆಗುವುದೆಂದರೆ ಹೆಸರು ಬರೆಸಿ ಟೀಶರ್ಟು ತೊಡುವುದಲ್ಲ. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಲು ಒಪ್ಪಬೇಕು. 16 ಗಂಟೆಯ ತರಗತಿ, ಅದಾದ ಮೇಲೆ ನಾಲ್ಕು ದಿನ ತಂಡದ ಜೊತೆ ಮನೆಮನೆಗೆ ಹೋಗಿ ಕಲಿಕೆ. ತರಗತಿಯಲ್ಲಿ ಔಷಧಿಯ ಹೆಸರಿಗಿಂತ ಮೊದಲು ಹೇಳಿಕೊಡುವುದು ಮಾತಾಡುವ ಬಗೆಯನ್ನು. ಮಂಚದ ಪಕ್ಕ ನಿಂತು ಮಾತಾಡಬಾರದು, ಕಣ್ಣಿನ ಮಟ್ಟಕ್ಕೆ ಬರುವಂತೆ ಕೂರಬೇಕು. ಮನೆಯವರೊಡನೆ ಮಾತಾಡುವ ಮೊದಲು ಮಲಗಿರುವವರನ್ನು ಮಾತಾಡಿಸಬೇಕು. "ಏನೂ ಆಗುವುದಿಲ್ಲ, ಎಲ್ಲ ಸರಿಹೋಗ್ತದೆ" ಎಂಬ ಮಾತನ್ನು ಬಾಯಿಗೆ ತರಬಾರದು. ಆ ಮನೆಯಲ್ಲಿ ಕಂಡದ್ದನ್ನು ಮೀನು ಮಾರ್ಕೆಟ್ಟಿನಲ್ಲಿ ಹರಡಬಾರದು. ಮಾಷ್ಟ್ರು ಹೇಳುವ ಪ್ರಕಾರ ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವ ಪಾಠ. ಜೀವಮಾನವಿಡೀ ಪಾಠ ಹೇಳಿದವರಿಗೆ ಅದು ಕಷ್ಟವೇ ಬಿಡಿ.

ಮರುದಿನ ಫರೋಕ್ ಕಡೆಯ ಒಂದು ತಂಡದೊಡನೆ ಹೊರಟೆವು. ಚಾಲಿಯಾರ್ ಹೊಳೆಯ ದಡದ ಊರು, ಹೆಂಚಿನ ಕಾರ್ಖಾನೆಗಳ ಊರು. ಬಾಸೆಲ್ ಮಿಶನ್ನಿನವರು 1865ರಲ್ಲಿ ನಮ್ಮ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಸುಬು ಇಲ್ಲಿಯ ತನಕ ಹಬ್ಬಿ ಎಷ್ಟೋ ಸಂಸಾರಗಳಿಗೆ ಅನ್ನ ಹಾಕಿತ್ತು. ಓಮ್ನಿಯಲ್ಲಿ ಚಾಲಕ, ನರ್ಸು, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಒಬ್ಬ ಚೇಚಿ (ಅಕ್ಕ), ಹಿಂದೆ ನಾವಿಬ್ಬರು. ನರ್ಸಿನ ತೊಡೆಯ ಮೇಲೊಂದು ದೊಡ್ಡ ಚೀಲ: ಬಿಪಿ ನೋಡುವ ಯಂತ್ರ, ಕ್ಯಾಥೆಟರು, ಹತ್ತಿ, ಗಾಜ್ ಬಟ್ಟೆ, ಮೆಟ್ರೊನಿಡಜೋಲ್ ಮಾತ್ರೆಯ ಪುಡಿ. ನಾರುವ ಗಾಯದ ಮೇಲೆ ಆ ಪುಡಿ ಉದುರಿಸಿದರೆ ವಾಸನೆ ತಗ್ಗುತ್ತದೆ. ವಾಸನೆ ತಗ್ಗಿದರೆ ಮೊಮ್ಮಕ್ಕಳು ಕೋಣೆಯೊಳಗೆ ಬರುತ್ತಾರೆ. ನರ್ಸು ಇದನ್ನು ಲೆಕ್ಕ ಒಪ್ಪಿಸುವಂತೆ ಹೇಳಿದಳು.

ನಾವು ಹೋದದ್ದು ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಒಬ್ಬ ಹಿರಿಯರ ಮನೆಗೆ. ಎಂಬತ್ತು ದಾಟಿದ ವಯಸ್ಸು, ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸೋತಿವೆ. ಹೆಂಡತಿಗೆ ಮಂಡಿನೋವು, ಮಗಳು ದೂರದೂರಿನಲ್ಲಿ. ನಾನು ಮಂಗಳೂರಿನ ಕಡೆಯವನೆಂದು ಗೊತ್ತಾದದ್ದೇ ಅಲ್ಲಿನ ಕಾರ್ಖಾನೆಗಳಲ್ಲಿ ಇನ್ನೂ ಹೊಗೆ ಏಳುತ್ತದೆಯೇ ಎಂದು ಕೇಳಿದರು. ಹೆಚ್ಚಿನವು ಮುಚ್ಚಿವೆ ಅಂದೆ. ಇಲ್ಲೂ ಹಾಗೇ ಅಂದರು.

ಆ ಮನೆಯನ್ನು ನಾನು ಸಾವಕಾಶವಾಗಿ ನೋಡಿದೆ. ಮಂಚದ ಕಾಲ ಬಳಿಯಿಂದ ಬಚ್ಚಲಿನ ಬಾಗಿಲ ತನಕ ಗೋಡೆಗುಂಟ, ಸೊಂಟದೆತ್ತರಕ್ಕೆ ಒಂದು ತೆಂಗಿನ ನಾರಿನ ಹಗ್ಗ. ಮೊಳಕ್ಕೊಂದು ಗಂಟು. ಕತ್ತಲಲ್ಲಿ ಕರೆಂಟು ಹೋದರೂ ಕೈ ಜಾರದಂತೆ, ಎಷ್ಟು ದೂರ ಬಂದೆ ಎಂಬುದು ಗಂಟಿನ ಲೆಕ್ಕದಲ್ಲೇ ತಿಳಿಯುವಂತೆ. ಬಚ್ಚಲಿನ ಹೊಸ್ತಿಲು ಒಡೆದು ಸಿಮೆಂಟಿನ ಇಳಿಜಾರು ಮಾಡಿದ್ದಾರೆ. ಮಾಡಿದ್ದು ತಂಡದಲ್ಲಿರುವ ಒಬ್ಬ ಗಾರೆಯವನು, ಭಾನುವಾರ ಬಿಡುವಿನಲ್ಲಿ. ನೆಲಮಟ್ಟದ ಕಕ್ಕಸಿನ ಮೇಲೆ ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ. ಒಂದೇ ಕೈಯಲ್ಲಿ ಮುಂಡು ಬಿಗಿಯುವುದು ಆಗದ ಮಾತು ತಾನೇ? ಮುಂಡಿನ ಎರಡು ತುದಿಗೆ ವೆಲ್ಕ್ರೋ ಪಟ್ಟಿ ಹೊಲಿದಿತ್ತು. ಅದು ಟೈಲರ್ ಸ್ವಯಂಸೇವಕನ ಕೈಚಳಕ. ಇಷ್ಟಕ್ಕೂ ಸೇರಿ ಆದ ಖರ್ಚು ಪೇಟೆಯಲ್ಲಿ ಒಂದು ದಿನ ಆಸ್ಪತ್ರೆ ಹಾಸಿಗೆಗೆ ಕೊಡುವಷ್ಟೂ ಇರಲಾರದು.

ನರ್ಸು ಆ ಹಿರಿಯರ ಹಿಮ್ಮಡಿಯನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟಳು. ಕೆಂಪಗಿದ್ದ ಜಾಗ ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾಯಿತು. ಹಾಗಾದರೆ ಸರಿ. ಒತ್ತಿದರೂ ಕೆಂಪು ಹೋಗದಿದ್ದರೆ ಅಲ್ಲಿ ಹಾಸಿಗೆಹುಣ್ಣು ಶುರುವಾಗುತ್ತಿದೆ ಎಂದು ಅರ್ಥ. ಇದನ್ನು ನೋಡಲು ಡಾಕ್ಟರೇ ಬೇಕಿಲ್ಲ, ನೋಡಬೇಕೆಂದು ಗೊತ್ತಿರುವ ಒಬ್ಬರು ವಾರಕ್ಕೊಮ್ಮೆ ಬಂದರೆ ಸಾಕು.

ಆಮೇಲೆ ಅವರು ಬಚ್ಚಲಿಗೆ ಹೋಗಬೇಕೆಂದರು. ಚೇಚಿ ಮಂಚದ ಪಕ್ಕ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅವರು ಮಂಚದ ಅಂಚಿಗೆ ಸರಿದರು. ಎಡಗಾಲನ್ನು ಹಿಂದಕ್ಕೆ ಎಳೆದು ಊರಿದರು. ಎಡಗೈಯಿಂದ ಹಗ್ಗದ ಮೊದಲ ಗಂಟು ಹಿಡಿದರು. ಒಮ್ಮೆ ಮುಂದಕ್ಕೆ ತೂಗಿದರು, ಆಗಲಿಲ್ಲ. ಮತ್ತೊಮ್ಮೆ, ಆಗಲಿಲ್ಲ. ಕೊರಳ ನರ ಉಬ್ಬಿತು. ನಾನು ಗೊತ್ತಿಲ್ಲದೆ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಮಾಷ್ಟ್ರು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಮೂರನೇ ಸಲಕ್ಕೆ ಎದ್ದರು. ನಿಂತು, ಹೆಂಡತಿಯ ಕಡೆ ನೋಡಿ ಏನೋ ಅಂದರು. ಆಕೆ ನಕ್ಕಳು. ಏನೆಂದು ಮಾಷ್ಟ್ರನ್ನು ಕೇಳಿದರೆ, "ಗಂಡಹೆಂಡಿರ ವಿಷಯ, ನಿಮಗೆ ಬೇಡ," ಅಂದರು.

ಹಿಂದಿರುಗುವಾಗ ಚೇಚಿಯನ್ನು ಕೇಳಿದೆ, ಒಂದು ಕೈ ಕೊಟ್ಟಿದ್ದರೆ ಏನಾಗುತ್ತಿತ್ತು? "ಕೊಟ್ಟಿದ್ದರೆ ಒಂದು ನಿಮಿಷದ ಕೆಲಸ. ನಾಳೆ ಬೆಳಗಾತ ನಾನಿರುವುದಿಲ್ಲ, ಅವರ ಹೆಂಡತಿಗೆ ಎತ್ತಲು ಆಗುವುದಿಲ್ಲ. ಆಮೇಲೆ ಡೈಪರು." ಇಷ್ಟೇ ಹೇಳಿ ತನ್ನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡಳು. ನಾವೆಲ್ಲ ಹಿರಿಯರ ಸೇವೆ ಎಂದರೆ ಅವರ ಕೆಲಸವನ್ನು ನಾವು ಮಾಡಿಕೊಡುವುದು ಎಂದು ತಿಳಿದವರು. ಇಲ್ಲಿ ಕೈ ಕಟ್ಟಿ ನಿಲ್ಲುವುದನ್ನು ತರಬೇತಿ ಕೊಟ್ಟು ಕಲಿಸುತ್ತಾರೆ. ಎಂಬತ್ತು ದಾಟಿದ ಗಂಡಸೊಬ್ಬ ತನ್ನ ಕಾಲ ಮೇಲೆ ತಾನು ಬಚ್ಚಲಿಗೆ ಹೋಗಿಬರುವುದು ಎಷ್ಟು ದೊಡ್ಡ ವಿಷಯವೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಲಪ್ಪುರಂ ಜಿಲ್ಲೆಗೆ ಬಸ್ಸಿನಲ್ಲಿ ಹೋದೆವು. ಜನವರಿ 15ನ್ನು ಕೇರಳದಲ್ಲಿ ಪಾಲಿಯೇಟಿವ್ ದಿನವೆಂದು ಆಚರಿಸುತ್ತಾರೆ. ಅದರ ಆಸುಪಾಸಿನ ದಿನಗಳಾದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಶಾಲಾಮಕ್ಕಳು ಪ್ಲಾಸ್ಟಿಕ್ ಬಕೆಟ್ ಹಿಡಿದು ಚಂದಾ ಎತ್ತುತ್ತಿದ್ದರು. ಹೋಟೆಲಿನ ಗಲ್ಲಾದ ಮೇಲೆ ಬೀಗ ಹಾಕಿದ ಡಬ್ಬಿ, ಔಷಧಿ ಅಂಗಡಿಯಲ್ಲಿ ಒಂದು, ಕ್ಷೌರದಂಗಡಿಯಲ್ಲೂ ಒಂದು. ದಿನಕ್ಕೆ ಒಂದು ರೂಪಾಯಿಯಂತೆ ತೆಗೆದಿಡುವ ಮನೆಗಳಿವೆ. ವರ್ಷದಲ್ಲಿ ಒಂದು ದಿನದ ಕಲೆಕ್ಷನ್ ಪೂರ್ತಿ ಕೊಟ್ಟುಬಿಡುವ ಖಾಸಗಿ ಬಸ್ಸಿನವರಿದ್ದಾರೆ. ಗಲ್ಫಿನ ದುಡ್ಡೂ ಬರುತ್ತದೆ, ಝಕಾತೂ ಬರುತ್ತದೆ. ಆದರೆ ಹೆಚ್ಚಿನದು ಇಂಥ ಚಿಲ್ಲರೆಯೇ. ಚಿಲ್ಲರೆ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆಯಲ್ಲ, ಈ ತಂಡಗಳು ಇಷ್ಟು ವರ್ಷ ಉಳಿದುಬಂದದ್ದರಲ್ಲಿ ಆ ಹಕ್ಕಿನ ಪಾಲೂ ಇದೆ ಎಂದು ನನ್ನ ಅನಿಸಿಕೆ.

ಅಲ್ಲಿ ನೋಡಿದ ವಯಸ್ಸಾದ ಉಮ್ಮ ಒಬ್ಬರದು ದೊಡ್ಡ ಮನೆ. ಹಗಲೆಲ್ಲ ಒಬ್ಬರೇ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ಹಾಲಿನ ಮೂಲೆಯಲ್ಲಿ ಸಿಸಿಟಿವಿ ಕ್ಯಾಮೆರಾ, ಮಗ ಶಾರ್ಜಾದಿಂದ ಫೋನಿನಲ್ಲಿ ನೋಡುತ್ತಾನೆ. ಮಾತ್ರೆಗಳನ್ನು ಕಾಗದದ ಲಕೋಟೆಗಳಲ್ಲಿ ಹಾಕಿಟ್ಟಿದ್ದರು. ಒಂದರ ಮೇಲೆ ಸೂರ್ಯನ ಚಿತ್ರ, ಇನ್ನೊಂದರ ಮೇಲೆ ಚಂದ್ರ, ಮಧ್ಯಾಹ್ನದ್ದಕ್ಕೆ ಅನ್ನದ ತಟ್ಟೆ. ಓದಲು ಬಾರದವರಿಗೂ ಕಣ್ಣು ಮಂಜಾದವರಿಗೂ ಮಾತ್ರೆ ತಪ್ಪಬಾರದೆಂದು ಸ್ಕೆಚ್ ಪೆನ್ನಿನಲ್ಲಿ ಬರೆದವನು ಆಟೋ ಓಡಿಸುವ ಹುಡುಗ. ಆ ದಿನ ಅವನ ಪಾಳಿ. ಸೂರ್ಯನ ಲಕೋಟೆಯಲ್ಲಿ ಎರಡು ಮಾತ್ರೆ ಉಳಿದದ್ದನ್ನು ಎಣಿಸಿ, ಯಾವ ದಿನ ಬಿಟ್ಟಿರಿ ಎಂದು ವಿಚಾರಿಸಿದ. ಬೆಳಗ್ಗೆ ತಿಂಡಿಯೇ ಬೇಡವಾಗಿತ್ತು ಎಂಬುದು ಆಗ ಹೊರಬಿತ್ತು. ಯಾಕೆ ಬೇಡವಾಗಿತ್ತು ಎಂಬುದು ಇನ್ನೂ ಸ್ವಲ್ಪ ಹೊತ್ತಿಗೆ ಹೊರಬಿತ್ತು: ಹಲ್ಲುಸೆಟ್ಟು ಒತ್ತಿ ದವಡೆ ಹುಣ್ಣಾಗಿದೆ. ಕ್ಯಾಮೆರಾದ ಕಣ್ಣಿಗೆ ಇದು ಬಿದ್ದಿರಲಿಲ್ಲ. ಮಗನ ಬಳಿಗೆ ಹೋಗಿ ಇರಬಹುದಲ್ಲ ಎಂದು ಕೇಳಿದ್ದಕ್ಕೆ ಉಮ್ಮ, ಅಲ್ಲಿ ಹದಿನಾಲ್ಕನೇ ಮಹಡಿ, ಕೋಳಿ ಸಾಕಲು ಆಗುವುದಿಲ್ಲ ಎಂದರು. ಅಂಗಳದಲ್ಲಿ ಅವರ ಕೋಳಿಗಳು ಓಡಾಡುತ್ತಿದ್ದವು.

ಊರಿನವರ ಉತ್ಸಾಹ ಒಂದರಿಂದಲೇ ಇದು ನಡೆದುಬಂದಿದೆ ಎಂದರೆ ಅರ್ಧ ಸತ್ಯ. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ ನೀತಿಯೊಂದನ್ನು ಪ್ರಕಟಿಸಿತು, ಇಡೀ ದೇಶದಲ್ಲೇ ಮೊದಲು. ಅಲ್ಲಿಂದೀಚೆಗೆ ಗ್ರಾಮ ಪಂಚಾಯತುಗಳು ತಮ್ಮ ಯೋಜನೆಯ ಹಣದಲ್ಲಿ ಇದಕ್ಕೆ ಪಾಲು ತೆಗೆದಿಡುತ್ತವೆ, ಇದಕ್ಕಾಗಿಯೇ ತರಬೇತಾದ ನರ್ಸೊಬ್ಬರನ್ನು ಇಟ್ಟುಕೊಳ್ಳುತ್ತವೆ. ಕೇರಳದಲ್ಲಿ ಇರುವುದು 941 ಗ್ರಾಮ ಪಂಚಾಯತು. ಹಣ, ಅಧಿಕಾರ ಎರಡೂ ಇರುವ, ಜನಸಂಖ್ಯೆಯಲ್ಲೂ ದೊಡ್ಡವಾದ ಪಂಚಾಯತುಗಳು. ನರ್ಸಿನ ಹಿಂದೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಹಿಂದೆ ತಾಲೂಕು ಆಸ್ಪತ್ರೆ. ಸ್ವಯಂಸೇವಕನಿಗೆ ಬೆನ್ನಿಗೆ ಯಾರೋ ಇದ್ದಾರೆಂಬ ಧೈರ್ಯ ಹೀಗೆ ಬರುತ್ತದೆ. ಅದಿಲ್ಲದಿದ್ದರೆ ಒಳ್ಳೆಯ ಮನಸ್ಸಿನ ಆಟೋ ಹುಡುಗ ದವಡೆಯ ಹುಣ್ಣನ್ನು ನೋಡಿ ಮರುಗಬಲ್ಲನೇ ಹೊರತು ಹೆಚ್ಚಿಗೆ ಏನು ಮಾಡಿಯಾನು?

ಹಾಗೆಂದು ಮಲಬಾರನ್ನು ಸ್ವರ್ಗ ಮಾಡಿ ತೋರಿಸುವ ಇರಾದೆ ನನಗಿಲ್ಲ. 2011ರ ಜನಗಣತಿಯಲ್ಲೇ ಕೇರಳದ ಜನರಲ್ಲಿ ಅರವತ್ತು ದಾಟಿದವರು ಶೇ. 12.6 ಇದ್ದರು, ಈಗ ಇನ್ನೂ ಹೆಚ್ಚು. ನೋಡಿಕೊಳ್ಳಬೇಕಾದವರೂ ಅವರೇ, ನೋಡಿಕೊಳ್ಳುವವರೂ ಅವರೇ ಆಗುತ್ತಿದ್ದಾರೆ. ತಂಡದ ಸಭೆಯೊಂದರಲ್ಲಿ ಕೂತು ನೋಡಿದರೆ ತಲೆಗಳು ಹೆಚ್ಚಾಗಿ ನೆರೆತವೇ. ಹುಡುಗರು ಗಲ್ಫಿಗೆ, ನರ್ಸುಗಳು ಬ್ರಿಟನ್ನಿಗೆ. ಈ ಕೆಲಸಕ್ಕೆ ಹೆಸರು ಬಂದದ್ದೇ ರಾಜಕೀಯ ಪಕ್ಷಗಳೂ ತಮ್ಮತಮ್ಮ ಪಾಲಿಯೇಟಿವ್ ಗುಂಪು ಕಟ್ಟಿದವು. ಒಂದು ಮನೆಗೆ ಎರಡು ಗಾಡಿ, ಮತ್ತೊಂದು ಮನೆಗೆ ಒಂದೂ ಇಲ್ಲ ಎಂಬ ಗೊಣಗಾಟ ಕೇಳಿದೆ. ಮರೆವಿನ ಕಾಯಿಲೆ ಬಂದವರಿಗೆ ವಾರಕ್ಕೆರಡು ಗಂಟೆ ಯಾವ ಮೂಲೆಗೂ ಸಾಲದು. ರಾತ್ರಿ ಎರಡು ಗಂಟೆಗೆ ನೀರು ಬೇಕೆಂದರೆ ಸ್ವಯಂಸೇವಕ ಬರುವುದಿಲ್ಲ. ಅದಕ್ಕೆ ಸಂಬಳದ ಆಳೇ ಬೇಕು, ಆ ಸಂಬಳ ಎಲ್ಲರಿಗೂ ಎಟಕುವುದಿಲ್ಲ. ಸರಕಾರಗಳು ಪುಕ್ಕಟೆ ಕೆಲಸಗಾರರು ಸಿಕ್ಕರೆಂದು ಸಂಬಳದ ಹುದ್ದೆ ಕಡಿಮೆ ಮಾಡಿದರೆ ಈ ಏರ್ಪಾಡು ಒಂದೇ ವರ್ಷದಲ್ಲಿ ಕುಸಿಯುತ್ತದೆ. ನರ್ಸೊಬ್ಬರು ನನಗೆ ಇದನ್ನು ತುಸು ಕೋಪದಿಂದಲೇ ಹೇಳಿದರು. ಅವರ ಕೋಪ ನ್ಯಾಯವೇ.

ಊರಿಗೆ ಮರಳುವ ಮೊದಲು ಮಾಷ್ಟ್ರ ಮಂಗಳವಾರವನ್ನು ನೋಡದೆ ಬರುವುದು ಸರಿಯಲ್ಲವೆನಿಸಿ ಕಾಸರಗೋಡಿನಲ್ಲಿ ಇಳಿದುಕೊಂಡೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿರುವ ಜಿಲ್ಲೆಯಾದ್ದರಿಂದ ಇಲ್ಲಿ ಹಾಸಿಗೆ ಹಿಡಿದವರೆಂದರೆ ಮುದುಕರು ಮಾತ್ರವಲ್ಲ. ನಡುವಯಸ್ಸಿನ ಮಗನನ್ನು ಎಪ್ಪತ್ತರ ತಾಯಿ ಎತ್ತಿ ಕೂರಿಸುವ ಮನೆಗಳೂ ಇವೆ. ಮಾಷ್ಟ್ರ ಪಾಳಿಯಲ್ಲಿದ್ದದ್ದು ಒಂದು ಅಡಿಕೆ ತೋಟದ ಮನೆ. ಅಜ್ಜನಿಗೆ ಪಾರ್ಕಿನ್ಸನ್, ಅಜ್ಜಿಯೇ ಎಲ್ಲ. ನರ್ಸು ಮಲಯಾಳದಲ್ಲಿ ಕೇಳುತ್ತಾರೆ, ಅಜ್ಜಿ ತುಳುವಿನಲ್ಲಿ ಹೇಳುತ್ತಾರೆ, ಅಜ್ಜ ಕನ್ನಡದಲ್ಲಿ ಗೊಣಗುತ್ತಾರೆ, ನಡುವೆ ಮಾಷ್ಟ್ರು. ಭಾಷೆ ಬಲ್ಲ ಸ್ವಯಂಸೇವಕ ಇಲ್ಲದಿದ್ದರೆ ಇಂಥ ಮನೆಯಲ್ಲಿ ನರ್ಸು ಬಿಪಿ ನೋಡಿ ಎದ್ದುಹೋಗಬೇಕಾಗುತ್ತದೆ.

ನಾವು ಹೋದಾಗ ಅಜ್ಜಿ ಮಡಿ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಚೀಲ ಹಿಡಿದು ಜಗಲಿಯಲ್ಲೇ ಕೂತಿದ್ದರು. ಮಾಷ್ಟ್ರನ್ನು ಕಂಡದ್ದೇ, "ಬಂದಿರಾ? ಅವರಿಗೆ ಹತ್ತು ಗಂಟೆಗೆ ಗಂಜಿ, ಉಪ್ಪಿನಕಾಯಿ ಕೇಳಿದರೆ ಕೊಡಬೇಡಿ," ಎಂದು ಹೇಳಿ ಅಂಗಳ ಇಳಿದೇಬಿಟ್ಟರು. ತಂಗಿಯ ಮೊಮ್ಮಗಳ ಸೀಮಂತವಂತೆ. ಮಾಷ್ಟ್ರು ಅಜ್ಜನ ಪಕ್ಕ ಮಣೆ ಎಳೆದುಕೊಂಡು ಕೂತರು. ಅಜ್ಜನ ಬೆರಳು ನಡುಗುವುದರಿಂದ ಅವರಿಗೆ ಹಿಡಿ ದಪ್ಪ ಮಾಡಿದ ಚಮಚ ಇತ್ತು, ಸೈಕಲ್ ಟ್ಯೂಬು ಸುತ್ತಿದ್ದು. ಗಂಜಿ ಮುಕ್ಕಾಲು ಬಾಯಿಗೆ ಹೋಯಿತು, ಕಾಲು ಭಾಗ ಬೈರಾಸಿನ ಮೇಲೆ ಬಿತ್ತು. ಮಾಷ್ಟ್ರು ಒರೆಸಲು ಹೋಗಲಿಲ್ಲ. ಉಂಡಾದ ಮೇಲೆ ಅಜ್ಜ ತಾವೇ ಬೈರಾಸು ತೆಗೆದು ಕೊಟ್ಟರು. ಆಮೇಲೆ ಇಬ್ಬರೂ ಯಾವುದೋ ಹಳೆಯ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳಿದವರು ಯಾರು ಎಂಬ ಚರ್ಚೆಗೆ ಬಿದ್ದರು, ಅಜ್ಜಿ ಬರುವ ತನಕ ಅದು ಇತ್ಯರ್ಥವಾಗಲಿಲ್ಲ.

ಅಜ್ಜಿಗೆ ಸಿಕ್ಕಿದ ಆ ಅರ್ಧ ದಿನದ ಬೆಲೆ ಯಾವ ಯೋಜನೆಯ ವರದಿಯಲ್ಲೂ ಬರುವುದಿಲ್ಲ. ಆದರೆ ಮನೆಯಲ್ಲಿ ಹಿರಿಯರು ಉಳಿಯುವುದು ಹೆಚ್ಚಾಗಿ ಇನ್ನೊಬ್ಬ ಹಿರಿಯ ಹೆಂಗಸಿನ ಬೆನ್ನಿನ ಮೇಲೆ. ಅವಳ ಬೆನ್ನು ಮುರಿದ ದಿನ ಇಬ್ಬರೂ ಮನೆ ಬಿಡಬೇಕಾಗುತ್ತದೆ. ಸ್ವಯಂಸೇವಕರು ಕಾಯುವುದು ಹಾಸಿಗೆಯಲ್ಲಿರುವವರನ್ನು ಎಷ್ಟೋ ಅಷ್ಟೇ ಆ ಬೆನ್ನನ್ನು.

ತಲಪಾಡಿ ದಾಟಿದರೆ ನಮ್ಮ ನಾಡು. 2011ರ ಜನಗಣತಿಯಲ್ಲಿ ಕರ್ನಾಟಕದ ಹಿರಿಯರು ಶೇ. 9.5. ಕೇರಳ ನಡೆದ ದಾರಿಯಲ್ಲೇ ನಾವೂ ಇದ್ದೇವೆ, ಸ್ವಲ್ಪ ಹಿಂದೆ. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಸಂಸ್ಥೆ 1990ರ ದಶಕದಿಂದಲೇ ಕ್ಯಾನ್ಸರ್ ರೋಗಿಗಳ ಆರೈಕೆಯಲ್ಲಿ ಹೆಸರು ಮಾಡಿದೆ, ಅಲ್ಲಲ್ಲಿ ಒಳ್ಳೆಯ ಪ್ರಯತ್ನಗಳು ನಡೆದಿವೆ. ಹಳ್ಳಿಗೆ, ಸಣ್ಣ ಪೇಟೆಗೆ ಇಳಿದರೆ ನಮ್ಮ ಸೇವೆಯ ಕಲ್ಪನೆ ಇನ್ನೂ ನಾಯಕರ ಹುಟ್ಟುಹಬ್ಬದಂದು ಸರಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಣ್ಣುಹಂಪಲು, ಬ್ರೆಡ್ಡು ಹಂಚಿ ಫೋಟೋ ತೆಗೆಸಿಕೊಳ್ಳುವಲ್ಲೇ ನಿಂತಿದೆ. ಮರುದಿನ ಅದೇ ರೋಗಿ ಮನೆಗೆ ಹೋಗುತ್ತಾನೆ. ಫೋಟೋದವರು ಅಲ್ಲಿಗೆ ಹೋಗುವುದಿಲ್ಲ.

ನಮ್ಮಲ್ಲಿ ಜನರಿಲ್ಲವೆಂದಲ್ಲ. ಕರಾವಳಿಯ ಯಾವ ಊರಿಗೆ ಹೋದರೂ ಒಂದು ಯುವಕ ಮಂಡಲ, ಒಂದು ಭಜನಾ ಮಂಡಳಿ, ನಾಲ್ಕಾರು ಸ್ವಸಹಾಯ ಸಂಘ, ಒಂದು ಹಾಲಿನ ಸೊಸೈಟಿ ಇದ್ದೇ ಇರುತ್ತದೆ. ಹಾಲಿನ ಸೊಸೈಟಿಯ ಕಾರ್ಯದರ್ಶಿಗೆ ಯಾರ ಮನೆಯಿಂದ ಎರಡು ದಿನ ಹಾಲು ಬಂದಿಲ್ಲ, ಯಾಕೆ ಬಂದಿಲ್ಲ ಎಂಬುದು ಬಾಯಿಪಾಠ. ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯ ಬಾಗಿಲೂ ಗೊತ್ತು. ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸುವ, ಯಾವ ದಿನ ಯಾರು ಎಂದು ಬರೆದಿಡುವ ಒಂದು ಪುಸ್ತಕ, ತರಬೇತಾದ ಒಬ್ಬ ನರ್ಸು, ಅವರ ಸಂಬಳಕ್ಕೆ ಪಂಚಾಯತಿನ ಬಜೆಟ್ಟಿನಲ್ಲಿ ಒಂದು ಸಾಲು. ಇಲ್ಲದಿರುವುದು ಇಷ್ಟು.

ಓದುವವರಲ್ಲಿ ಯಾರಾದರೂ ಪಂಚಾಯತು ಸದಸ್ಯರಿದ್ದರೆ, ಇಲ್ಲವೇ ಬರೀ ಗ್ರಾಮಸಭೆಗೆ ಹೋಗುವ ಅಭ್ಯಾಸವಿರುವವರಾದರೂ ಸರಿ, ಮುಂದಿನ ಸಲ ರಸ್ತೆ, ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದುನಿಂತು ಒಂದು ಪ್ರಶ್ನೆ ಕೇಳಿ: ನಮ್ಮ ವಾರ್ಡಿನಲ್ಲಿ ಹಾಸಿಗೆ ಬಿಟ್ಟು ಏಳಲಾಗದವರು ಎಷ್ಟು ಮಂದಿ, ಅವರ ಮನೆಗೆ ಈ ವಾರ ಹೋಗುವವರು ಯಾರು? ಉತ್ತರ ಸಿಗದಿದ್ದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆಸಿ.